ಮರಕ್ಕೂ ಒಂದು ಲೆಕ್ಕದ ಪುಸ್ತಕ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ದಿವಸ ಸಾಲ, ಠೇವಣಿ, ವಸೂಲಿ, ಲಾಭಾಂಶ ಇವುಗಳ ಬಗ್ಗೆ ಮಾತಾಡಲಿಕ್ಕೆ ಬಲ್ಲವರು ಈ ವೇದಿಕೆಯ ಮೇಲೆ ಬೇಕಾದಷ್ಟು ಜನ ಇದ್ದಾರೆ. ನಮ್ಮನ್ನು ಕರೆದ ಕಾರ್ಯದರ್ಶಿಗಳು, “ನೀವು ಇಂಗ್ಲೆಂಡಿನಲ್ಲಿ ಅದೇನೋ ಮರದ ತೋಟ ನೋಡಿ ಬಂದಿದ್ದೀರಂತಲ್ಲ, ಅದನ್ನೇ ಹೇಳಿ” ಅಂದರು. ಸಹಕಾರ ಸಂಘಕ್ಕೂ ಇಂಗ್ಲೆಂಡಿನ ಮರಕ್ಕೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಸಂಬಂಧ ಇದೆ. ಆದರೆ ಅದಕ್ಕೆ ಮುಂಚೆ ನಮ್ಮ ಮನೆಯದೇ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ಮನೆಯ ಹಿಂದಿನ ಹೊಳೆದಂಡೆಯಲ್ಲಿ ಅಜ್ಜನ ಕಾಲದ ಒಂಬತ್ತು ಅಪ್ಪೆಮಾವಿನ ಮರ ಇದ್ದವು. ಅದರಲ್ಲಿ ಒಂದರ ಮಿಡಿ ಉಪ್ಪಿಗೆ ಹಾಕಿದರೆ ನಾಲ್ಕೈದು ವರ್ಷ ಕೆಡುತ್ತಿರಲಿಲ್ಲ. ಭರಣಿ ಬಿಚ್ಚಿದರೆ ಪರಿಮಳ ಜಗಲಿಗೆ ಬರುತ್ತಿತ್ತು. ಒಂಬತ್ತರಲ್ಲಿ ಆ ಮರ ಯಾವುದು ಅಂತ ಸರಿಯಾಗಿ ಗೊತ್ತಿದ್ದದ್ದು ನಮ್ಮ ಅಮ್ಮನಿಗೆ ಮಾತ್ರ. ಹಿಸ್ಸೆಯಾದಾಗ ಆ ಜಾಗ ಮೂರು ಪಾಲಾಯಿತು. ಅಮ್ಮ ತೀರಿಕೊಂಡು ಎರಡು ವರ್ಷಕ್ಕೆ ಹಲಗೆ ವ್ಯಾಪಾರದವರು ಬಂದರು, ರೇಟು ಹೇಳಿದರು, ನಾವು ಅಣ್ಣತಮ್ಮಂದಿರು ಸಹಿ ಹಾಕಿದೆವು. ಒಂಬತ್ತೂ ಹೋದವು. ಒಂದು ಕಡ್ಡಿ ಕಸಿಗೆ ಅಂತ ತೆಗೆದಿಡಲಿಲ್ಲ. ಬಂದ ದುಡ್ಡು ಯಾವುದಕ್ಕೆ ಖರ್ಚಾಯಿತು ಅಂತ ಕೇಳಿದರೆ ಇವತ್ತು ನಮಗೆ ನೆನಪಿಲ್ಲ. ಮಿಡಿಯ ಪರಿಮಳ ಮಾತ್ರ ನೆನಪಿದೆ. ಬಾಯಲ್ಲಿ ನೀರು ಬರುತ್ತದೆ, ಆಮೇಲೆ ಕಣ್ಣಲ್ಲಿ ಬರುತ್ತದೆ.

ಇದು ಮನಸ್ಸಿನಲ್ಲಿ ಇರಲಿ. ಈಗ ಇಂಗ್ಲೆಂಡಿಗೆ ಹೋಗೋಣ.

ಮಗ ಬ್ರಿಸ್ಟಲ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾಗ ನಾವು ಮನೆಯವರ ಜೊತೆ ಎರಡು ತಿಂಗಳು ಅಲ್ಲಿಗೆ ಹೋಗಿದ್ದೆವು. ಅಕ್ಟೋಬರ್ ತಿಂಗಳು. ಒಂದು ಭಾನುವಾರ ಮಗ, “ಅಪ್ಪಾ, ನಿಮಗೆ ಅರಮನೆ, ಮ್ಯೂಸಿಯಂ ಎಲ್ಲ ಬೇಜಾರು, ಮರ ನೋಡುವ ಬನ್ನಿ” ಅಂತ ಕಾರು ಹತ್ತಿಸಿದ. ಒಂದು ಗಂಟೆಯೊಳಗಿನ ದಾರಿ. ಗ್ಲಾಸ್ಟರ್‌ಷೈರ್ ಎಂಬ ಜಿಲ್ಲೆಯಲ್ಲಿ ಟೆಟ್‌ಬರಿ ಎಂಬ ಪೇಟೆಯ ಹತ್ತಿರ ವೆಸ್ಟನ್‌ಬರ್ಟ್ ಅಂತ ಒಂದು ಜಾಗ. ಅಲ್ಲಿರುವುದಕ್ಕೆ ಅವರ ಭಾಷೆಯಲ್ಲಿ ‘ಆರ್ಬೊರೇಟಂ’ ಅನ್ನುತ್ತಾರೆ. ನಾವು ಮರಗಳ ಸಂಗ್ರಹ ಅಂತ ಕರೆಯೋಣ. ಅದು ಹಣ್ಣಿನ ತೋಟ ಅಲ್ಲ, ನಾಟಾಕ್ಕೆ ಬೆಳೆಸಿದ ಪ್ಲಾಂಟೇಶನ್ನೂ ಅಲ್ಲ. ಬೇರೆ ಬೇರೆ ದೇಶದ, ಬೇರೆ ಬೇರೆ ಜಾತಿಯ ಮರಗಳನ್ನು ಒಂದೊಂದಾಗಿ ತಂದು, ನೆಟ್ಟು, ಹೆಸರು ಬರೆದು, ಲೆಕ್ಕ ಇಟ್ಟು ಕಾಪಾಡುವ ಜಾಗ. ಲೈಬ್ರರಿಯಲ್ಲಿ ಪುಸ್ತಕ ಇದ್ದ ಹಾಗೆ ಅಲ್ಲಿ ಮರ.

ವಿಸ್ತಾರ ಸುಮಾರು 600 ಎಕರೆ. ಮರಗಳ ಸಂಖ್ಯೆ ಸುಮಾರು 15,000. ಜಾತಿ, ಉಪಜಾತಿ, ತಳಿ ಎಲ್ಲ ಸೇರಿ ಸುಮಾರು 2,500 ಬಗೆ. ಇಷ್ಟನ್ನೂ ಶುರು ಮಾಡಿದ್ದು ಸರಕಾರ ಅಲ್ಲ. ಒಬ್ಬ ಖಾಸಗಿ ಮನುಷ್ಯ, ತನ್ನ ಸ್ವಂತ ಜಮೀನಿನಲ್ಲಿ, ಸ್ವಂತ ಖರ್ಚಿನಲ್ಲಿ.

ಆತನ ಹೆಸರು ರಾಬರ್ಟ್ ಸ್ಟೇನರ್ ಹಾಲ್‌ಫರ್ಡ್. ಹುಟ್ಟಿದ್ದು 1808ರಲ್ಲಿ. ಗಿಡ ನೆಡಲಿಕ್ಕೆ ಶುರು ಮಾಡಿದ್ದು 1829ರಲ್ಲಿ. ಲೆಕ್ಕ ಹಾಕಿ, 21 ವರ್ಷದ ಹುಡುಗ! ಆಗ ಜಮೀನು ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ನಮ್ಮಲ್ಲಿ 21 ವರ್ಷದ ಹುಡುಗ ಅಪ್ಪನ ಜಮೀನಿನಲ್ಲಿ ಹಣ್ಣೂ ಬಿಡದ, ನಾಟಾಕ್ಕೂ ಬಾರದ ಮರ ನೆಡುತ್ತೇನೆ ಅಂದರೆ ಅಪ್ಪ ಏನನ್ನುತ್ತಾನೆ ಅಂತ ನಿಮಗೆ ಗೊತ್ತಿದೆ.

ದುಡ್ಡು ಎಲ್ಲಿಂದ ಬಂತು? ಲಂಡನ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸುತ್ತಿದ್ದ ನ್ಯೂ ರಿವರ್ ಕಂಪನಿ ಅಂತ ಒಂದಿತ್ತು. 1613ರಷ್ಟು ಹಿಂದೆಯೇ ಕಾಲುವೆ ತೋಡಿ ದೂರದಿಂದ ನೀರು ತಂದ ಕಂಪನಿ. ಹಾಲ್‌ಫರ್ಡ್ ಮನೆತನಕ್ಕೆ ಅದರಲ್ಲಿ ಷೇರು ಇದ್ದವು. ಊರು ಬೆಳೆದ ಹಾಗೆ ನೀರು ಮಾರಿದ ಹಣವೂ ಬೆಳೆಯಿತು. ನೀರಿನಿಂದ ಬಂದ ದುಡ್ಡು ಮರಕ್ಕೆ ಹೋಯಿತು. ಒಂದು ರೀತಿಯಲ್ಲಿ ನ್ಯಾಯವೇ ಅನ್ನಿ.

ಆದರೆ ಪೂರ್ತಿ ಹೊಗಳುವ ಮೊದಲು ಇನ್ನೊಂದು ಸಂಗತಿಯನ್ನೂ ಹೇಳಬೇಕು. ಈ ರಾಬರ್ಟ್ ಹಾಲ್‌ಫರ್ಡ್ 1863ರಿಂದ 1870ರವರೆಗೆ ಅಲ್ಲೇ ಒಂದು ದೊಡ್ಡ ಬಂಗಲೆ ಕಟ್ಟಿಸಿದ. ಮನೆಯ ಸುತ್ತ ಉದ್ಯಾನಕ್ಕೆ ಜಾಗ ಬೇಕಿತ್ತು. ಅದಕ್ಕಾಗಿ ವೆಸ್ಟನ್‌ಬರ್ಟ್ ಎಂಬ ಹಳೆಯ ಹಳ್ಳಿಯನ್ನೇ ಅಲ್ಲಿಂದ ಎಬ್ಬಿಸಿ ಬೇರೆ ಕಡೆ ಮನೆ ಕಟ್ಟಿಸಿ ಕೂರಿಸಿದರು. ಚರ್ಚು ಮಾತ್ರ ಹಳೆಯ ಜಾಗದಲ್ಲೇ ಉಳಿಯಿತು. ನಮ್ಮ ಸೀಮೆಯಲ್ಲಿ ಅಣೆಕಟ್ಟಿಗೆ ಊರು ಬಿಟ್ಟವರು ಇದ್ದಾರೆ. ಅವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡವರ ಸಂಗ್ರಹದ ಹಿಂದೆ ಸಣ್ಣವರ ಒಲೆಯ ಕಲ್ಲು ಎಲ್ಲಿಗೆ ಹೋಯಿತು ಅಂತ ಕೇಳುವುದು ತಪ್ಪಲ್ಲ. ಮರ ನೋಡಿ ಸಂತೋಷಪಡುವಾಗಲೂ ನಮಗೆ ಆ ಹಳ್ಳಿಯ ನೆನಪು ಬರುತ್ತಿತ್ತು.

ಇನ್ನು ತೋಟದ ವಿಚಾರ. ಆ ಸೀಮೆಯೆಲ್ಲ ಸುಣ್ಣದ ಕಲ್ಲಿನ ನೆಲ. ಸುಣ್ಣದ ಮಣ್ಣಿನಲ್ಲಿ ಎಲ್ಲ ಗಿಡವೂ ಬರುವುದಿಲ್ಲ. ಹಿಮಾಲಯದ ಕೆಂಪು ಹೂವಿನ ರೋಡೋಡೆಂಡ್ರಾನ್ ಅಂತೂ ಸುಣ್ಣ ಕಂಡರೆ ಎಲೆ ಹಳದಿ ಮಾಡಿಕೊಂಡು ಕೂರುತ್ತದೆ. ಆದರೆ ಹಾಲ್‌ಫರ್ಡ್ ಜಮೀನಿನಲ್ಲಿ ಅಲ್ಲಲ್ಲಿ ಮರಳುಮಿಶ್ರಿತ ಹುಳಿ ಮಣ್ಣಿನ ತುಂಡುಗಳಿದ್ದವು. ಯಾವ ಮಣ್ಣಿಗೆ ಯಾವ ಮರ ಅಂತ ನೋಡಿ ನೆಟ್ಟರು. ಗಾಳಿ ತಡೆಯಲಿಕ್ಕೆ ಮೊದಲು ಓಕ್, ಯೂ, ಹಾಲಿ ಮುಂತಾದ ಗಟ್ಟಿ ಮರಗಳ ಬೇಲಿಸಾಲು ಎಬ್ಬಿಸಿದರು. ಅದರ ಆಸರೆಯಲ್ಲಿ ನಾಜೂಕಿನ ಪರದೇಶಿ ಗಿಡ. ನಾವು ಬಾಳೆಯ ನೆರಳಿನಲ್ಲಿ ಅಡಿಕೆ ಸಸಿ ನೆಡುವುದಿಲ್ಲವೇ, ಅದೇ ಬುದ್ಧಿ. ನಡುವೆ ಅಗಲವಾದ ಹುಲ್ಲಿನ ದಾರಿಗಳು. ಒಂದು ಮರದ ಹಿಂದೆ ಇನ್ನೊಂದು ಮರದ ಬಣ್ಣ ಎದ್ದು ಕಾಣುವ ಹಾಗೆ ಜೋಡಣೆ. ಗಿಡ ಮೊಣಕಾಲೆತ್ತರ ಇದ್ದಾಗ, ನೂರು ವರ್ಷದ ಮೇಲೆ ಅದರ ತಲೆ ಎಲ್ಲಿಗೆ ಮುಟ್ಟುತ್ತದೆ ಅಂತ ಅಂದಾಜು ಮಾಡಿ ಅಂತರ ಬಿಟ್ಟಿದ್ದಾರೆ. ನಾವಾದರೆ ಇಷ್ಟು ಜಾಗ ದಂಡವಾಯಿತಲ್ಲ ಅಂತ ನಡುವೆ ಕಾಫಿ ಹಾಕುತ್ತಿದ್ದೆವು!

ಮರಗಳು ಬಂದದ್ದು ಎಲ್ಲಿಂದ? ಅದೇ ಒಂದು ಪುರಾಣ. ಆ ಕಾಲದಲ್ಲಿ ಬೀಜ ಹುಡುಕಿಕೊಂಡು ಲೋಕ ಸುತ್ತುವ ಜನ ಇದ್ದರು. ಡೇವಿಡ್ ಡಗ್ಲಸ್ ಅಂತ ಒಬ್ಬ, ಸ್ಕಾಟ್ಲೆಂಡಿನ ಕಲ್ಲುಕುಟಿಗನ ಮಗ. ಅಮೆರಿಕದ ಪಶ್ಚಿಮ ತೀರಕ್ಕೆ ಹೋಗಿ ಅಲ್ಲಿನ ಎತ್ತರದ ಫರ್ ಮರದ ಬೀಜ ಕಳಿಸಿದ. 1827ರಲ್ಲಿ ಅದು ಬ್ರಿಟನ್ನಿಗೆ ಬಂತು. ಇವತ್ತಿಗೂ ಡಗ್ಲಸ್ ಫರ್ ಅಂತಲೇ ಹೆಸರು. ಪಾಪ, ಆತ 1834ರಲ್ಲಿ ಹವಾಯಿ ದ್ವೀಪದಲ್ಲಿ ಕಾಡುದನ ಹಿಡಿಯಲು ತೋಡಿದ ಖೆಡ್ಡಾ ಗುಂಡಿಯಲ್ಲಿ ಬಿದ್ದು ಸತ್ತ. ವಯಸ್ಸು 35. ಕ್ಯಾಲಿಫೋರ್ನಿಯಾದ ದೈತ್ಯ ಸಿಕ್ವೋಯಾ ಮರದ ಬೀಜವನ್ನು 1853ರಲ್ಲಿ ತಂದವನು ವಿಲಿಯಂ ಲಾಬ್. ನಮ್ಮ ಹಿಮಾಲಯದ ದೇವದಾರು 1831ರಲ್ಲೇ ಅಲ್ಲಿಗೆ ಹೋಗಿತ್ತು. ಹಿಮಾಲಯದ ರೋಡೋಡೆಂಡ್ರಾನ್‌ಗಳಲ್ಲಿ ಎಷ್ಟೋ ಬಗೆಯನ್ನು ಸಿಕ್ಕಿಂ ಬೆಟ್ಟಗಳಲ್ಲಿ ಅಲೆದು ಸಂಗ್ರಹಿಸಿದವನು ಜೋಸೆಫ್ ಹೂಕರ್. ಇಂಥವರು ಕಳಿಸಿದ ಬೀಜ ಸಸಿಯಾಗಿ, ನರ್ಸರಿಗಳಿಂದ ವೆಸ್ಟನ್‌ಬರ್ಟಿನಂಥ ತೋಟಗಳಿಗೆ ಬರುತ್ತಿತ್ತು. ಹಾಲ್‌ಫರ್ಡ್‌ನಂಥ ಹಣವಂತರು ಇಂಥ ಪ್ರವಾಸಗಳಿಗೆ ದುಡ್ಡನ್ನೂ ಕೊಡುತ್ತಿದ್ದರು.

ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ. ಉಪ್ಪುಗಾಳಿಗೆ ಸಸಿ ಒಣಗಿ ಹೋಗುತ್ತಿತ್ತು. ಆ ಕಾಲಕ್ಕೆ ಸರಿಯಾಗಿ ವಾರ್ಡ್ ಎಂಬ ಲಂಡನ್ನಿನ ಒಬ್ಬ ವೈದ್ಯ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಗಿಡ ಬದುಕುತ್ತದೆ ಅಂತ ಕಂಡುಕೊಂಡ. ಒಳಗಿನ ತೇವ ಗಾಜಿಗೆ ಹತ್ತಿ ಮತ್ತೆ ಮಣ್ಣಿಗೇ ಇಳಿಯುತ್ತದೆ. ನೀರು ಹಾಕುವ ಕೆಲಸವೇ ಬೇಡ. ಈ ಪೆಟ್ಟಿಗೆ ಬಂದ ಮೇಲೆ ಸಸಿಗಳು ಜೀವಂತವಾಗಿ ಸಮುದ್ರ ದಾಟತೊಡಗಿದವು.

ಆ ತೋಟದಲ್ಲಿ ಕರವಸ್ತ್ರದ ಮರ ಅಂತ ಒಂದಿದೆ. ಚೀನಾ ದೇಶದ್ದು. ಹೂವಿನ ಸುತ್ತ ಬಿಳಿಯ ದೊಡ್ಡ ಪತ್ರಗಳು, ಒಣಹಾಕಿದ ಕರವಸ್ತ್ರದ ಹಾಗೆ ಜೋತಾಡುತ್ತವಂತೆ. ನಾವು ಹೋದಾಗ ಹೂವಿನ ಕಾಲ ಅಲ್ಲ. ಆದರೆ ಅದರ ಕಥೆ ನಮಗೆ ಮನಸ್ಸಿಗೆ ತಟ್ಟಿತು. ಅಗಸ್ಟೀನ್ ಹೆನ್ರಿ ಎಂಬಾತ ಚೀನಾದ ಒಳನಾಡಿನಲ್ಲಿ ಅಂಥ ಒಂದು ಮರ ನೋಡಿ ಬರೆದಿಟ್ಟಿದ್ದ. ಅದರ ಬೀಜ ತರಲಿಕ್ಕೆ 1899ರಲ್ಲಿ ಅರ್ನೆಸ್ಟ್ ವಿಲ್ಸನ್ ಎಂಬ ಯುವಕನನ್ನು ಇಂಗ್ಲೆಂಡಿನ ಒಂದು ನರ್ಸರಿಯವರು ಕಳಿಸಿದರು. ಹಡಗು, ದೋಣಿ, ಕಾಲ್ನಡಿಗೆ ಎಲ್ಲ ಮುಗಿಸಿ ಆತ 1900ರಲ್ಲಿ ಆ ಜಾಗಕ್ಕೆ ಮುಟ್ಟಿದಾಗ ಏನು ಸಿಕ್ಕಿತು ಗೊತ್ತೇ? ಮರದ ಬುಡ! ಪಕ್ಕದಲ್ಲೇ ಅದರ ನಾಟಾದಿಂದ ಕಟ್ಟಿದ ಹೊಸ ಮನೆ! ಮನೆಯವರ ತಪ್ಪಲ್ಲ, ಅವರಿಗೆ ಅದು ಮರ, ಅಷ್ಟೇ. ವಿಲ್ಸನ್ ಸೋಲದೆ ಮತ್ತೆ ಹುಡುಕಿ ಬೇರೆ ಮರಗಳನ್ನು ಕಂಡು ಬೀಜ ಕಳಿಸಿದ. ಅಲ್ಲಿ ಬೇರೆ ಮರ ಇದ್ದವು, ಉಳಿಯಿತು. ನಮ್ಮ ಅಮ್ಮನ ಅಪ್ಪೆಗೆ ಇನ್ನೊಂದು ಮರ ಇರಲಿಲ್ಲ.

ರಾಬರ್ಟ್ ಹಾಲ್‌ಫರ್ಡ್ 1892ರಲ್ಲಿ ತೀರಿಕೊಂಡ. 63 ವರ್ಷ ಮರ ನೆಟ್ಟ ಮನುಷ್ಯ. ಮಗ ಜಾರ್ಜ್ ಹಾಲ್‌ಫರ್ಡ್ ಸೇನೆಯ ಅಧಿಕಾರಿ, ರಾಜಮನೆತನದ ಸೇವೆಯಲ್ಲಿದ್ದವನು. ಆದರೆ ಅಪ್ಪನ ಹುಚ್ಚು ಮಗನಿಗೂ ಹತ್ತಿತ್ತು. ಅಪ್ಪ ಬದುಕಿದ್ದಾಗಲೇ ಇಬ್ಬರೂ ಸೇರಿ ನೆಡುತ್ತಿದ್ದರು. ಮಗನಿಗೆ ಬಣ್ಣದ ಮೇಲೆ ಜೀವ. ಜಪಾನಿನ ಮೇಪಲ್ ಮರಗಳನ್ನು ರಾಶಿ ನೆಡಿಸಿದ. ಚಳಿಗಾಲಕ್ಕೆ ಮುಂಚೆ ಅದರ ಎಲೆ ಉದುರುವಾಗ ಕುಂಕುಮ, ಅರಿಶಿನ, ಕೇಸರಿ ಎಲ್ಲ ಬಣ್ಣ ತಿರುಗುತ್ತದೆ. ನಾವು ಹೋದದ್ದು ಅದೇ ಕಾಲ. ಒಂದು ಮರದ ಕೆಳಗೆ ನಿಂತರೆ ಬಟ್ಟೆಯೆಲ್ಲ ಕೆಂಪು ಕಾಣುತ್ತಿತ್ತು. ನಮ್ಮ ಮನೆಯವರು “ಇದೇನು, ಮರಕ್ಕೆ ಮದುವೆಯೋ?” ಅಂದರು.

ಇನ್ನೊಂದು ಮರ, ಹೆಸರು ಕತ್ಸುರ, ಅದೂ ಜಪಾನಿನ ಕಡೆಯದು. ಎಲೆ ಹೃದಯದ ಆಕಾರ. ಅದರ ಹತ್ತಿರ ಹೋಗುವಾಗಲೇ ಎಲ್ಲಿಂದಲೋ ಬೆಲ್ಲ ಕಾಯಿಸುವ ವಾಸನೆ! ನಾವು ಸುತ್ತ ನೋಡಿದೆವು. ಇಂಗ್ಲೆಂಡಿನಲ್ಲಿ ಆಲೆಮನೆ ಎಲ್ಲಿಂದ ಬರಬೇಕು? ಮಗ ನಗುತ್ತಾ ಒಂದು ಹಣ್ಣೆಲೆ ಹೆಕ್ಕಿ ಮೂಗಿಗೆ ಹಿಡಿದ. ಉದುರಿದ ಎಲೆಯದೇ ಪರಿಮಳ. ಸಾವಿರಾರು ಮೈಲಿ ದೂರದಲ್ಲಿ ನಮ್ಮೂರ ಆಲೆಮನೆಯ ಕೊಪ್ಪರಿಗೆ ಎದುರು ನಿಂತ ಹಾಗಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ದಯವಿಟ್ಟು ಗಮನ ಕೊಡಿ. ಜಾರ್ಜ್ ಹಾಲ್‌ಫರ್ಡ್ 1926ರಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ನೂರು ವರ್ಷಕ್ಕೆ ಹತ್ತಿರವಾದ ತೋಟ, ವಾರಸುದಾರ ಸೋದರಳಿಯ, ಮಾರ್ಲಿಯ ಅರ್ಲ್. ದೊಡ್ಡ ಬಂಗಲೆ ಮಾರಾಟವಾಗಿ ಅದರಲ್ಲಿ 1928ರಿಂದ ಶಾಲೆ ಶುರುವಾಯಿತು. ತೋಟದ ಗತಿ? ನಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ ಹಲಗೆ ವ್ಯಾಪಾರದವರು ಬರುವ ಹೊತ್ತು.

ಆದರೆ ಅಲ್ಲಿ ಎರಡು ಕೆಲಸ ಆಯಿತು. ಒಂದು, 1927ರಲ್ಲಿ ಬ್ರೂಸ್ ಜಾಕ್ಸನ್ ಎಂಬ ಸಸ್ಯಶಾಸ್ತ್ರಜ್ಞ ಆ ತೋಟದ ಮರ, ಪೊದೆಗಳ ಪಟ್ಟಿ ಮಾಡಿ ಒಂದು ಪುಸ್ತಕವನ್ನೇ ಪ್ರಕಟಿಸಿದ. ತೋಟದಲ್ಲಿ ಏನೇನಿದೆ ಅಂತ ಅಚ್ಚಿನಲ್ಲಿ ಬಂತು. ಎರಡು, ಮಿಚೆಲ್ ಎಂಬ ಒಬ್ಬ ಮೇಲ್ವಿಚಾರಕ ಸಿಕ್ಕಿದ. ಮಹಾಯುದ್ಧ ಬಂತು, ಆಳು ಸಿಗದಾದರು, ಪೊದೆ ಬೆಳೆಯಿತು. ಆದರೂ ಮರಗಳ ಹೆಸರು ಮರೆಯಾಗಲಿಲ್ಲ. ಕೆಲಸದವರಿಲ್ಲದೆ ತೋಟ ಕಾಡಾಗಬಹುದು. ಮುಂದೆ ಕಳೆ ತೆಗೆಯಬಹುದು. ಹೆಸರು ಕಳೆದುಹೋದರೆ ತೆಗೆಯಲಿಕ್ಕೆ ಬರುವುದಿಲ್ಲ.

ಅರ್ಲ್ 1951ರಲ್ಲಿ ತೀರಿಕೊಂಡರು. ಅಲ್ಲಿನ ಕಾನೂನಿನಂತೆ ಆಸ್ತಿ ಮುಂದಿನವರಿಗೆ ಹೋಗಬೇಕಾದರೆ ಭಾರೀ ಮರಣ ತೆರಿಗೆ ಕಟ್ಟಬೇಕು. ಕೊನೆಗೆ 1956ರಲ್ಲಿ ತೆರಿಗೆಗೆ ಬದಲಾಗಿ ತೋಟವನ್ನು ಸರಕಾರದ ಅರಣ್ಯ ಸಂಸ್ಥೆಗೆ ವಹಿಸಿಕೊಟ್ಟರು. ಅಪ್ಪ, ಮಗ, ಸೋದರಳಿಯ ಮೂವರ ಕೈ ದಾಟಿ, 127 ವರ್ಷಕ್ಕೆ ಖಾಸಗಿ ತೋಟ ಸಾರ್ವಜನಿಕರದಾಯಿತು. ಆ ತೋಟದಲ್ಲಿ ಈಗ ಟಿಕೆಟ್ ತಗೊಂಡು ಯಾರು ಬೇಕಾದರೂ ಓಡಾಡಬಹುದು. 2016ರಲ್ಲಿ ಮರಗಳ ನೆತ್ತಿಯ ಮಟ್ಟದಲ್ಲಿ ಒಂದು ಕಾಲುಸಂಕ ಕಟ್ಟಿದ್ದಾರೆ, ಸುಮಾರು 300 ಮೀಟರ್ ಉದ್ದ. ಮೆಟ್ಟಿಲಿಲ್ಲ, ಗಾಲಿಕುರ್ಚಿಯವರೂ ಹೋಗಬಹುದು. ಮೊಣಕಾಲು ನೋವಿನ ನಾವೂ ಹೋದೆವು. ಅಡಿಕೆ ಕೊನೆಗಾರ ದಿನಾ ನೋಡುವ ನೋಟವನ್ನು ನಾವು ಅರವತ್ತು ದಾಟಿದ ಮೇಲೆ ಅಲ್ಲಿ ನೋಡಿದೆವು.

ಅಲ್ಲಿ ಒಂದೊಂದು ಮರಕ್ಕೂ ಒಂದು ಪುಟ್ಟ ಫಲಕ ಇದೆ. ಹೆಸರು, ಮೂಲ ದೇಶ, ಒಂದು ಸಂಖ್ಯೆ. ಆ ಸಂಖ್ಯೆ ಹಿಡಿದು ದಾಖಲೆ ತೆಗೆದರೆ ಆ ಮರದ ವಿವರ ಸಿಗುತ್ತದೆ. ನಮ್ಮ ಸಂಘದಲ್ಲಿ ಸದಸ್ಯತ್ವದ ನಂಬರು ಹೇಳಿದರೆ ಗುಮಾಸ್ತರು ಖಾತೆ ತೆಗೆದು ತೋರಿಸುವುದಿಲ್ಲವೇ? ಹಾಗೆ. ಷೇರು ಎಷ್ಟು, ಸಾಲ ಎಷ್ಟು, ಬಾಕಿ ಎಷ್ಟು. ಅಲ್ಲಿ ಮರವೂ ಒಂದು ಸದಸ್ಯ. ಅದಕ್ಕೂ ಒಂದು ಖಾತೆ.

ತೋಟದಲ್ಲಿ ನಮಗೆ ಎಲ್ಲಕ್ಕಿಂತ ಇಷ್ಟವಾದ ಮರ ಹಾಲ್‌ಫರ್ಡ್ ನೆಟ್ಟದ್ದಲ್ಲ. ಆ ತೋಟದ ಒಂದು ಭಾಗ ಸಿಲ್ಕ್ ವುಡ್ ಎಂಬ ಹಳೆಯ ಕಾಡು. ಅಲ್ಲಿ ಒಂದು ಲೈಮ್ ಮರ ಇದೆ. ಲೈಮ್ ಅಂದರೆ ನಿಂಬೆ ಅಂತ ತಿಳಿಯಬೇಡಿ, ಇದು ಬೇರೆ ಜಾತಿ, ಅಲ್ಲಿಯದೇ ಕಾಡುಮರ. ನೋಡಲಿಕ್ಕೆ ವೃತ್ತಾಕಾರದಲ್ಲಿ ನಿಂತ ಸುಮಾರು 60 ಕಾಂಡಗಳು, ಒಂದು ಸಣ್ಣ ತೋಪಿನ ಹಾಗೆ. ಆದರೆ ಅಷ್ಟೂ ಒಂದೇ ಮರ, ಒಂದೇ ಬೇರು! ವಯಸ್ಸು ಸುಮಾರು 2,000 ವರ್ಷ ಅಂತ ಅಂದಾಜು. ಇಷ್ಟು ವರ್ಷ ಬದುಕಿದ್ದು ಹೇಗೆ? ಕಡಿದು ಕಡಿದು! ಹಳ್ಳಿಯ ಜನ ಸೌದೆಗೆ, ಗಳುವಿಗೆ ಅಂತ ಇಪ್ಪತ್ತು ಚಿಲ್ಲರೆ ವರ್ಷಕ್ಕೊಮ್ಮೆ ಬುಡದ ತನಕ ಕಡಿಯುತ್ತಿದ್ದರು. ಬುಡ ಮತ್ತೆ ಚಿಗುರುತ್ತಿತ್ತು. ಮತ್ತೆ ಬಲಿಯುವ ತನಕ ಕತ್ತಿ ಮುಟ್ಟಿಸುತ್ತಿರಲಿಲ್ಲ. ನಮ್ಮ ಸೊಪ್ಪಿನಬೆಟ್ಟದಲ್ಲಿ ಹಿರಿಯರು ಸೊಪ್ಪು ಕೊಯ್ಯುತ್ತಿದ್ದ ಕ್ರಮವೂ ಇದೇ ಅಲ್ಲವೇ? ಮೇಲಿನ ಕುಡಿ ಬಿಟ್ಟು, ಪಾಳಿ ಇಟ್ಟು. ಹಣವಂತನ ಸಂಗ್ರಹಕ್ಕೆ ಇನ್ನೂರು ವರ್ಷವೂ ತುಂಬಿಲ್ಲ. ಬಡವರ ಸೌದೆಮರಕ್ಕೆ ಎರಡು ಸಾವಿರ. ಮಿತಿಯಿಟ್ಟು ಬಳಸಿದವರೂ ಕಾಪಾಡಿದವರೇ.

ಅಲ್ಲಿಯೂ ಎಲ್ಲ ಸುಖವೇ ಅಂತಲ್ಲ. 1970ರ ದಶಕದಲ್ಲಿ ಎಲ್ಮ್ ಮರಕ್ಕೆ ಒಂದು ಬೂಷ್ಟುರೋಗ ಬಂದು ಬ್ರಿಟನ್ನಿನಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಮರ ಸತ್ತವು. ಆಶ್ ಎಂಬ ಇನ್ನೊಂದು ಮರಕ್ಕೆ ತುದಿ ಒಣಗುವ ರೋಗ. 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾಯಿತು, ಈ ತೋಟವನ್ನೂ ಬಿಡಲಿಲ್ಲ. ಹವೆಯೂ ಬದಲಾಗುತ್ತಿದೆ. ಅದಕ್ಕೇ ಅವರು ಒಂದೇ ಜಾತಿಯನ್ನು ನಂಬುವುದಿಲ್ಲ. ಯಾವ ಮರ ಬರಗಾಲ ತಡೆಯುತ್ತದೆ, ಯಾವುದಕ್ಕೆ ರೋಗ ಹತ್ತುವುದಿಲ್ಲ ಅಂತ ನೋಡಲಿಕ್ಕೆ ಇಂಥ ಸಂಗ್ರಹ ಬೇಕು. ಹಾಲ್‌ಫರ್ಡ್ ಚಂದಕ್ಕೆ ಅಂತ ನೆಟ್ಟ; ಇವತ್ತು ಅದು ಬೀಜದ ಭಂಡಾರ. ಎಲೆಚುಕ್ಕೆ ರೋಗ, ಹಳದಿ ಎಲೆ ರೋಗದಿಂದ ಕಂಗಾಲಾದ ಅಡಿಕೆ ಬೆಳೆಗಾರರಾದ ನಮಗೆ, ಒಂದೇ ಬೆಳೆಯನ್ನು ನಂಬಿ ಕೂತರೆ ಏನಾಗುತ್ತದೆ ಅಂತ ಯಾರೂ ಪಾಠ ಹೇಳಬೇಕಾಗಿಲ್ಲ.

ಬಂಧುಗಳೇ, ಸಂಘಕ್ಕೂ ಮರಕ್ಕೂ ಏನು ಸಂಬಂಧ ಅಂತ ಮೊದಲು ಕೇಳಿದ್ದೆವಲ್ಲ, ಈಗ ಹೇಳುತ್ತೇವೆ. ಮರದ ಆಯುಸ್ಸು ದೊಡ್ಡದು, ಮನುಷ್ಯನ ಆಯುಸ್ಸು ಸಣ್ಣದು. ಒಂದು ಮನೆ ಎಷ್ಟೇ ಶ್ರೀಮಂತವಾಗಿರಲಿ, ಮೂರನೇ ತಲೆಮಾರಿಗೆ ಹಿಸ್ಸೆ ಇಲ್ಲವೇ ತೆರಿಗೆ ಇಲ್ಲವೇ ಮಕ್ಕಳಿಲ್ಲದ ಸಂಕಟ ಬರುತ್ತದೆ. ಮರವನ್ನು ಒಂದು ತಲೆಯಿಂದ ಇನ್ನೊಂದು ತಲೆಗೆ ದಾಟಿಸಲಿಕ್ಕೆ ಸಾಯದ ಒಂದು ಸಂಸ್ಥೆ ಬೇಕು. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಪಾಟೀಲರು ಇವತ್ತಿಲ್ಲ, ಅವರು ಹಾಕಿದ ದಾರಿಯಲ್ಲಿ ನಾವೆಲ್ಲ ನಡೆಯುತ್ತಿದ್ದೇವೆ. ನಮ್ಮ ಸಂಘದ ಮೊದಲ ಆಡಳಿತ ಮಂಡಳಿಯಲ್ಲೂ ನಾಲ್ಕು ಜನ ಈಗ ನಮ್ಮೊಂದಿಗಿಲ್ಲ. ಆದರೆ ಮೊದಲ ದಿನದ ನಡವಳಿ ಪುಸ್ತಕ ಕಪಾಟಿನಲ್ಲಿ ಇದೆ, ಅವರ ಸಹಿ ಇದೆ. ಸಂಸ್ಥೆ ಅಂದರೆ ಅದೇ.

ಗೋದಾಮಿನ ಹಿಂದಿನ ಒಂದೂವರೆ ಎಕರೆಯಲ್ಲಿ ಏನು ಹಾಕುವುದು ಅಂತ ಆಡಳಿತ ಮಂಡಳಿಯಲ್ಲಿ ಚರ್ಚೆ ನಡೆದಿದೆ ಅಂತ ಕೇಳಿದ್ದೇವೆ. ಅಕೇಶಿಯಾ ಹಾಕಿದರೆ ಬೇಗ ದುಡ್ಡಾಗುತ್ತದೆ ಅನ್ನುವವರ ಮಾತೂ ಸುಳ್ಳಲ್ಲ. ಸಂಘಕ್ಕೆ ಆದಾಯ ಬೇಕು. ನಾವು ಜಾಗ ಪೂರ್ತಿ ಕೊಡಿ ಅಂತ ಕೇಳುವುದಿಲ್ಲ. ಅರ್ಧ ಎಕರೆ ಕೊಟ್ಟರೂ ಸಾಕು. ಅದೂ ಕಷ್ಟವಾದರೆ ಒಂದು ಪುಸ್ತಕ ಕೊಡಿ. ಹೌದು, ಲೆಕ್ಕದ ಪುಸ್ತಕ. ಗೆರೆ ಹಾಕಿದ, ರಟ್ಟು ಕಟ್ಟಿದ, ಪುಟಕ್ಕೆ ನಂಬರು ಹಾಕಿದ ಒಂದು ರಿಜಿಸ್ಟರು.

ಅದರಲ್ಲಿ ನಮ್ಮೂರಿನ ಮರಗಳನ್ನು ಬರೆಯೋಣ. ಯಾರ ಬೆಟ್ಟದಲ್ಲಿ ಯಾವ ಅಪ್ಪೆ, ಮಿಡಿ ಎಷ್ಟು ವರ್ಷ ಬಾಳುತ್ತದೆ, ಯಾರ ಮನೆ ಹಲಸಿನ ತೊಳೆ ಹಪ್ಪಳಕ್ಕೆ ಆಗುತ್ತದೆ, ಯಾರ ಹಿತ್ತಿಲಲ್ಲಿ ಉಪ್ಪಾಗೆ, ಮುರುಗಲು, ವಾಟೆ, ಯಾವ ಬನದಲ್ಲಿ ಯಾವ ಹಳೆಯ ಮರ. ಅನಂತಭಟ್ಟನ ಅಪ್ಪೆ ಅಂತ ನಮ್ಮ ಮಲೆನಾಡಿನಲ್ಲಿ ಹೆಸರಾದ ಒಂದು ತಳಿ ಇದೆ, ನಿಮಗೆಲ್ಲ ಗೊತ್ತು. ಹೆಸರು ಉಳಿಯಿತು, ಅದಕ್ಕೇ ಕಸಿ ಮಾಡುವವರು ಹುಡುಕಿಕೊಂಡು ಹೋದರು, ತಳಿ ಉಳಿಯಿತು. ನಮ್ಮ ಅಮ್ಮನ ಅಪ್ಪೆಗೆ ಹೆಸರಿರಲಿಲ್ಲ. “ಹೊಳೆಬದಿಯ ಮೂರನೇದು” ಅನ್ನುತ್ತಿದ್ದಳು. ಯಾವ ಕಡೆಯಿಂದ ಮೂರನೇದು ಅಂತ ನಾವು ಯಾರೂ ಕೇಳಿಟ್ಟುಕೊಳ್ಳಲಿಲ್ಲ.

ಇದನ್ನು ಬಲ್ಲವರು ನಮ್ಮೂರಿನಲ್ಲಿ ಈಗ ಎಷ್ಟು ಜನ ಇದ್ದಾರೆ? ಎಣಿಸಿದರೆ ಹದಿನೈದು ಜನ ಸಿಗಬಹುದು, ಎಲ್ಲ ಎಪ್ಪತ್ತು ದಾಟಿದವರು, ಹೆಚ್ಚಿನವರು ಹೆಂಗಸರು. ಉಪ್ಪಿನಕಾಯಿ ಹಾಕಿದ ಕೈಗಳಿಗೆ ಗೊತ್ತಿರುವುದು ಪಹಣಿಯಲ್ಲಿ ಇರುವುದಿಲ್ಲ. ಹೈಸ್ಕೂಲು ಮಕ್ಕಳು ರಜೆಯಲ್ಲಿ ಮನೆ ಮನೆಗೆ ಹೋಗಿ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬರಲಿ. ಗುಮಾಸ್ತರು ನಂಬರು ಹಾಕಲಿ. ಮರ ಮಾರುವ ಹಕ್ಕು ಮಾಲೀಕನದೇ, ನಾವು ಅದಕ್ಕೆ ಅಡ್ಡ ಬರುವುದಿಲ್ಲ. ಕಡಿಯುವ ಮುಂಚೆ ಸಂಘಕ್ಕೆ ಒಂದು ಮಾತು ಹೇಳಲಿ, ಅಷ್ಟೇ. ನಾಲ್ಕು ಕಸಿಕಡ್ಡಿ ತೆಗೆದು ಗೋದಾಮಿನ ಹಿಂದೆ ಕಟ್ಟೋಣ. ಮರ ಹೋದರೂ ತಳಿ ಹೋಗುವುದಿಲ್ಲ.

ಇದಕ್ಕೆ ಹಾಲ್‌ಫರ್ಡ್‌ನ ಹಣ ಬೇಡ. ಹಳ್ಳಿ ಎಬ್ಬಿಸಬೇಕಾಗಿಲ್ಲ. ಹಡಗು ಹತ್ತಬೇಕಾಗಿಲ್ಲ, ಗಾಜಿನ ಪೆಟ್ಟಿಗೆ ಬೇಡ. ಹಳ್ಳಿಯವರೇ ಮಾಲೀಕರಾದ ಮರಗಳ ಸಂಗ್ರಹ, ಇದು ಹಾಲ್‌ಫರ್ಡ್ ಮನೆತನಕ್ಕೆ ಆಗದ ಕೆಲಸ, ನಮಗೆ ಆಗುವ ಕೆಲಸ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದನ್ನು ವಿಷಯಪಟ್ಟಿಗೆ ಸೇರಿಸಬೇಕು ಅಂತ ಅಧ್ಯಕ್ಷರಲ್ಲಿ ವಿನಂತಿ. ಪುಸ್ತಕದ ಖರ್ಚು ನಮ್ಮದು. ಇಗೋ, ತಂದೇ ಬಂದಿದ್ದೇವೆ. ಮೊದಲ ಪುಟದಲ್ಲಿ ಒಂದು ಸಾಲು ನಾವೇ ಬರೆದಿದ್ದೇವೆ: “ಹೊಳೆಬದಿಯ ಮೂರನೇ ಅಪ್ಪೆ. ಈಗ ಇಲ್ಲ.” ಎರಡನೇ ಸಾಲು ನೀವು ಬರೆಯಿರಿ. ಅದು ‘ಇದೆ’ ಅಂತ ಇರಲಿ.

ಊಟಕ್ಕೆ ಹೊತ್ತಾಯಿತು. ಮಕ್ಕಳು ಆಗಲೇ ಎದ್ದು ನಿಂತಿದ್ದಾರೆ. ಎಲೆಯ ತುದಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಬಡಿಸುತ್ತಾರೆ. ತಿನ್ನುವಾಗ ಅದು ಯಾರ ಮನೆ ಮರದ್ದು ಅಂತ ಒಂದು ಸಲ ಕೇಳಿ. ಉತ್ತರ ಸಿಕ್ಕಿದರೆ ಪುಸ್ತಕದಲ್ಲಿ ಬರೆಸಿಯೇ ಮನೆಗೆ ಹೋಗಿ.

 ಸಂಘ ಸುವರ್ಣ ಮಹೋತ್ಸವ ಕಾಣಲಿ, ಆಗ ಇಂದು ಕಟ್ಟಿದ ಕಸಿ ಮಿಡಿ ಬಿಟ್ಟಿರಲಿ ಅಂತ ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.